ಅದು ಒಳಗೆ ಬರಲು ಒಂದು ಸೇತುವೆ

ನಾಮ್ ದಿನ್ ಪಟ್ಟಣದ ಹಳೆಯ ಗಿರಣಿಯ ಹಿಂದಿನ ಓಣಿಗೆ ಹೋಗಿ ಥಿಯೆಮ್ ಮನೆ ಯಾವುದು ಎಂದು ಕೇಳಿದರೆ ಯಾರೂ ತಟ್ಟನೆ ಹೇಳುವುದಿಲ್ಲ. ಸೇತುವೆ ಥಿಯೆಮ್ ಎನ್ನಬೇಕು. ಆಗ ಟೀ ಮಾರುವವಳು ಕುಳಿತಲ್ಲಿಂದಲೇ ಗದ್ದ ಎತ್ತಿ ದಾರಿ ತೋರಿಸುತ್ತಾಳೆ. ಹಾಗೆಂದು ಅವನೇನೂ ಹೊಳೆಗೆ ಸೇತುವೆ ಕಟ್ಟಿದ ಎಂಜಿನಿಯರಲ್ಲ. ಬೀದಿಗೂ ಹೊಸ್ತಿಲಿಗೂ ನಡುವೆ ಇರುವ ಮೊಳದೆತ್ತರಕ್ಕೆ ಸೇತುವೆ ಹಾಕುತ್ತ ತಲೆ ನರೆಸಿಕೊಂಡವನು.

ನಮ್ಮ ಕಡೆ ಎರಡು ಚಕ್ರದ ಮೋಟಾರು ಗಾಡಿ ಬೀದಿಯಲ್ಲಿ ಮಲಗುವುದಿಲ್ಲ. ಕತ್ತಲಾಗುವ ಮುಂಚೆ ಮನೆಯೊಳಗೆ ಬಂದು, ತೀರಿಹೋದ ಹಿರಿಯರಿಗೆಂದು ಗೋಡೆಯ ಮೇಲೆ ಇಟ್ಟ ಪೂಜೆಯ ಪೀಠದ ಕೆಳಗೆ, ಅಕ್ಕಿ ಡಬ್ಬಿಯ ಪಕ್ಕದಲ್ಲಿ ನಿಲ್ಲಬೇಕು. ಹಿಂದೆ ಎಲ್ಲರ ಬಾಗಿಲಿಗೂ ಸಿಮೆಂಟಿನ ಇಳಿಜಾರು ಇತ್ತು. ಕಾಲುದಾರಿ ತೆರವು ಮಾಡುತ್ತೇವೆಂದು ಬಂದವರು ಅವನ್ನೆಲ್ಲ ಒಡೆದುಹಾಕಿ ಹೋದರು. ಮಾರನೆಯ ದಿನ ಇಡೀ ಓಣಿ ಗಾಡಿ ಎತ್ತಲಾರದೆ ಸೊಂಟ ಹಿಡಿದುಕೊಂಡು ಥಿಯೆಮ್‌ನ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತಿತ್ತು.

ಅವನ ಸೇತುವೆ ಪುಸ್ತಕದ ಹಾಗೆ ಎರಡಾಗಿ ಮಡಚುತ್ತದೆ. ಹಿಡಿಕೆ ಹಿಡಿದು ಒಂದೇ ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸಬಹುದು. ಬಿಚ್ಚಿದಾಗ ನಡುವೆ ಎರಡು ಪುಟ್ಟ ಕಾಲುಗಳು ತಾವಾಗಿ ಇಳಿದು ತಗಡನ್ನು ಹೊರುತ್ತವೆ. ಇಷ್ಟನ್ನು ಯಾರಾದರೂ ಮಾಡಿಯಾರು. ಥಿಯೆಮ್‌ಗೆ ಹೆಮ್ಮೆ ಇದ್ದದ್ದು ಮೇಲ್ತುದಿಯ ತಡೆಪಟ್ಟಿಯ ಮೇಲೆ. ಹೆಬ್ಬೆರಳ ಗಾತ್ರದ ಕಬ್ಬಿಣದ ಪಟ್ಟಿ, ಕೆಳಗೊಂದು ಸ್ಪ್ರಿಂಗು. ಚಕ್ರದ ಭಾರ ಬಿದ್ದಾಗ ಪಟ್ಟಿ ತಗ್ಗಿ ದಾರಿ ಬಿಡುತ್ತದೆ, ದಾಟಿದೊಡನೆ ಟಕ್ಕೆಂದು ಎದ್ದು ನಿಲ್ಲುತ್ತದೆ. ಅರ್ಧಕ್ಕೆ ನಿಂತು ಬಾಗಿಲು ತಳ್ಳಿದರೂ ಗಾಡಿ ಹಿಂದಕ್ಕೆ ಜಾರುವುದಿಲ್ಲ. ಇದನ್ನು ವಿವರಿಸಲು ಅವನಿಗೆ ಯಾರಾದರೂ ಸಿಕ್ಕರೆ ಮುಗಿಯಿತು, ಅವರ ಟೀ ಆರಿ ತಣ್ಣಗಾಗುತ್ತಿತ್ತು.

ಸಂಜೆ ಅಂಗಡಿಯ ಬಾಗಿಲಲ್ಲಿ ಕುಳಿತು ಅವನು ಓಣಿಯನ್ನು ಕಿವಿಯಲ್ಲೇ ನೋಡುತ್ತಿದ್ದ. ಒಂದೊಂದು ಸೇತುವೆಗೂ ಒಂದೊಂದು ದನಿ. ‘ಗರ್ರ್’ ಎಂದು ಉದ್ದಕ್ಕೆ ಎಳೆದರೆ ಸೇವಿಗೆ ಮಾರುವವಳು ಬಂದಳು. ‘ಗರ್ರ್, ಟಕ್, ಥೂ’ ಎಂದರೆ ಮೇಷ್ಟ್ರು ಬಂದು ಮೊಣಕಾಲು ತಗುಲಿಸಿಕೊಂಡರು. ಹಿಂದೆ ಯಾರಾದರೂ ಕುಳಿತಿದ್ದಾರೋ ಇಲ್ಲವೋ ಎಂಬುದೂ ಅವನಿಗೆ ತಿಳಿಯುತ್ತಿತ್ತು.

ಆದರೆ ಏಳನೇ ತಿಂಗಳು ಬಂತೆಂದರೆ ಬೇರೆಯದೇ ಥಿಯೆಮ್. ಆ ತಿಂಗಳು ಗೊತ್ತಲ್ಲ, ದಿಕ್ಕಿಲ್ಲದ ಜೀವಗಳಿಗೆ ಬಾಗಿಲು ತೆರೆಯುವ ತಿಂಗಳು. ಬೀದಿಬದಿಯಲ್ಲಿ ಎಲೆಯ ಮೇಲೆ ತೆಳ್ಳನೆಯ ಗಂಜಿ ಇಟ್ಟು, ಅಕ್ಕಿ ಉಪ್ಪು ಎರಚಿ, ಉಂಡು ಹೋಗಿ ಎಂದು ಬೇಡಿಕೊಳ್ಳುವ ತಿಂಗಳು. ಗಾಡಿ ಒಳಗೆ ಹೋದಮೇಲೆ ಯಾರ ಸೇತುವೆಯಾದರೂ ಬಿಚ್ಚಿಯೇ ಬಿದ್ದಿದ್ದರೆ ಅವನು ಹೋಗಿ ಬಾಗಿಲು ಬಡಿಯುತ್ತಿದ್ದ. ‘ಮಡಚಿಡ್ರಪ್ಪ. ಯಾರು ಹತ್ತಿದ್ರು ಅಂತ ಸೇತುವೆಗೆ ಗೊತ್ತಾಗಲ್ಲ’ ಎನ್ನುತ್ತಿದ್ದ. ಜನ ನಗುತ್ತಿದ್ದರು, ಆದರೆ ಮಡಚುತ್ತಿದ್ದರು.

ಅವನ ಹೆಂಡತಿ ಲ್ಯೂಗೆ ಮಾತ್ರ ಇದರ ಬೇರು ಗೊತ್ತಿತ್ತು. ಥಿಯೆಮ್‌ನ ಅಣ್ಣ ಖಾಂಗ್ ಮೀಸೆ ಸರಿಯಾಗಿ ಮೂಡುವ ಮೊದಲೇ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಸತ್ತ ಎಂಬ ಕಾಗದ ಬಂತು, ದೇಹ ಬರಲಿಲ್ಲ, ಎಲ್ಲಿ ಹೂತರೆಂದೂ ತಿಳಿಯಲಿಲ್ಲ. ಅವರ ತಾಯಿ ಸಾಯುವತನಕ ಬಾಗಿಲಿಗೆ ಅಗುಳಿ ಹಾಕಗೊಡಲಿಲ್ಲ. ‘ತಡಿ, ಅದು ಇನ್ನೂ ಬಂದಿಲ್ಲ’ ಎನ್ನುತ್ತಿದ್ದಳು. ಚಳಿಗಾಳಿ ಹೊಡೆಯುವ ಆ ತೆರೆದ ಬಾಗಿಲಿನ ಎದುರು ಮಲಗಿ ಬೆಳೆದವನು ಥಿಯೆಮ್. ತಾಯಿಯ ಮಣ್ಣು ಮುಗಿಸಿ ಬಂದ ದಿನವೇ ಅಗುಳಿ ಹಾಕಿದ. ಆಮೇಲೆ ಒಂದು ಸಂಜೆಯೂ ತಪ್ಪಿಸಲಿಲ್ಲ.

ಮಿಯೆನ್ ಎಂಬ ಹೆಂಗಸು ಅವನಲ್ಲಿಗೆ ಬಂದದ್ದು ಲಿಚಿ ಹಣ್ಣಿನ ಕಾಲದಲ್ಲಿ. ಕೆರೆಯ ಆಚೆ ದಡದವಳು, ಇವನಿಗೆ ಗುರುತಿಲ್ಲ. ಹೊಸ್ತಿಲಿನ ಎತ್ತರವನ್ನು ದಾರದಲ್ಲಿ ಅಳೆದು ಗಂಟು ಹಾಕಿ ತಂದಿದ್ದಳು.

‘ಅಣ್ಣಾ, ಒಂದು ಸೇತುವೆ ಬೇಕಿತ್ತು. ಅದಕ್ಕೆ ಒಳಗೆ ಬರಕ್ಕೆ ಆಗ್ತಿಲ್ಲ. ಹೊಸ್ತಿಲ ಹತ್ರ ಬಂದು ನಿಂತುಬಿಡ್ತದೆ.’

‘ಎಷ್ಟು ವರ್ಷದ್ದು ತಂಗಿ?’

‘ಇಪ್ಪತ್ತಾಗಿತ್ತು.’

‘ಪರ್ವಾಗಿಲ್ವೆ. ಹಳೇ ಕಬ್ಬಿಣ ಅಂದ್ರೆ ಗಟ್ಟಿ. ಈಗಿನವು ಎರಡು ಮಳೆಗೇ ಗೊರಗೊರ ಅಂತಾವೆ. ಭಾರ ಹೇಗೆ?’

‘ಭಾರ ಏನಿಲ್ಲ. ತೆಳ್ಳಗೆ.’

‘ರಾತ್ರಿ ಎಲ್ಲಿ ನಿಲ್ಸಿದೀಯಾ?’

‘ಹೊರಗೇ. ನಮ್ಮೋರು ಒಳಗೆ ತರಕ್ಕೆ ಬಿಡಲಿಲ್ಲ.’

‘ಅಯ್ಯೋ, ಹಂಗೆಲ್ಲ ಮಳೇಲಿ ಬಿಟ್ರೆ ತುಕ್ಕು ಹಿಡಿದು ಹೋಗ್ತದಲ್ಲ.’

ಅವಳು ಮುಖ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡಳು. ಗಾಡಿಯ ಮೇಲೆ ಇಷ್ಟೊಂದು ಪ್ರೀತಿಯೇ ಎಂದು ಥಿಯೆಮ್ ಒಳಗೊಳಗೇ ನಕ್ಕ. ಒಳಗೆ ಸೊಪ್ಪು ಹೆಚ್ಚುತ್ತಿದ್ದ ಲ್ಯೂಳ ಚಾಕುವಿನ ಸದ್ದು ಮಾತ್ರ ನಿಂತಿತ್ತು.

ಗಾಡಿ ನೋಡದೆ ಸೇತುವೆ ಮಾಡಬಾರದು ಎಂಬುದು ಥಿಯೆಮ್‌ನದೇ ನಿಯಮ. ಆದರೆ ಆಗ ಅವನ ಮೊಣಕಾಲು ಊದಿಕೊಂಡಿತ್ತು. ದಾರದ ಗಂಟನ್ನೇ ನಂಬಿ ಸೇತುವೆ ಮಾಡಿದ. ಗಾಡಿ ಹಗುರ ಎಂದಿದ್ದಳೆಂದು ತಗಡು ತೆಳ್ಳಗಿನದು ಹಾಕಿದ, ಹಸಿರು ಬಣ್ಣ ಬಳಿದ. ತಡೆಪಟ್ಟಿಗೆ ಮಾತ್ರ ಹೊಸ ಸ್ಪ್ರಿಂಗು, ಗಟ್ಟಿಯಾದದ್ದು.

ಏಳನೇ ತಿಂಗಳು ಹುಟ್ಟಿದ ಮೇಲೆ ಅವಳು ಮತ್ತೆ ಬಂದಳು.

‘ಸೇತುವೆ ಚೆನ್ನಾಗಿದೆ ಅಣ್ಣಾ. ಹತ್ತುತದೆ. ಆದ್ರೆ ತುದೀಲಿ ಎಡವ್ತದೆ.’

‘ಎಡವಕ್ಕೆ ಅದೇನು ಎಮ್ಮೆ ಕರುವೇನಮ್ಮಾ?’ ಥಿಯೆಮ್‌ಗೆ ರೇಗಿತು. ‘ಇಷ್ಟು ವರ್ಷದಲ್ಲಿ ನನ್ನ ಪಟ್ಟಿಗೆ ಒಂದು ಚಕ್ರ ಎಡವಿಲ್ಲ. ನೀನು ನೇರ ಹಿಡಿದು ನಡೆಸ್ತಾ ಇಲ್ಲ, ಅಷ್ಟೆ.’

‘ನಾನು ನಡೆಸಲ್ಲ. ಅದೇ ಬರ್ತದೆ.’

ಥಿಯೆಮ್ ಲ್ಯೂಳ ಮುಖ ನೋಡಿದ. ಲ್ಯೂ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಆ ಮಧ್ಯಾಹ್ನ ಅವನು ಸಾಮಾನಿನ ಚೀಲ ಹೆಗಲಿಗೆ ಹಾಕಿ ತನ್ನ ಸ್ಕೂಟರ್‌ನಲ್ಲಿ ಕೆರೆ ಸುತ್ತಿ ಹೋದ. ಮಿಯೆನ್‌ಳ ಮನೆ ಓಣಿಯ ಕೊನೆಯದು. ಬಾಗಿಲಿನ ಪಕ್ಕದಲ್ಲಿ, ಬೀದಿಗೆ ಸೇರಿದ ಗೋಡೆಯಲ್ಲಿ, ಪ್ಲಾಸ್ಟಿಕ್ ಹಾಳೆಯ ಮರೆಯೊಳಗೆ ಒಂದು ಊದುಬತ್ತಿಯ ಬಟ್ಟಲು ಇತ್ತು, ಅದರ ಹಿಂದೆ ಒಬ್ಬ ಹುಡುಗನ ಫೋಟೊ. ಥಿಯೆಮ್ ಅದಕ್ಕೆ ರೂಢಿಯಂತೆ ಕೈ ಜೋಡಿಸಿ ಒಳಗೆ ಇಣುಕಿದ. ಅಲ್ಲಿ ಗಾಡಿ ಇರಲಿಲ್ಲ. ಕೆಲಸಕ್ಕೆ ಹೋಗಿರಬಹುದು ಎಂದುಕೊಂಡ. ಆದರೆ ನೆಲದ ಬಿಳಿ ಹಾಸಿನ ಮೇಲೆ ಎಣ್ಣೆಯ ಒಂದು ಕಲೆಯೂ ಇರಲಿಲ್ಲ, ಗೋಡೆಯಲ್ಲಿ ಹ್ಯಾಂಡಲ್ ಉಜ್ಜಿದ ಗುರುತೂ ಇರಲಿಲ್ಲ. ಈ ಮನೆಯೊಳಗೆ ಗಾಡಿ ಯಾವತ್ತೂ ಬಂದು ನಿಂತೇ ಇಲ್ಲ ಎಂಬುದು ಅವನಿಗೆ ತಿಳಿದುಹೋಯಿತು.

ಬಗ್ಗಿ ಸೇತುವೆ ನೋಡಿದ. ಗಾಡಿ ಓಡಾಡುವ ಸೇತುವೆಯಲ್ಲಿ ಬಣ್ಣ ನಡುವೆ ಒಂದೇ ಗೆರೆಯಾಗಿ ಸವೆಯುತ್ತದೆ. ಇಲ್ಲಿ ಗೆರೆ ಇಲ್ಲ. ಕೆಳಗಿನಿಂದ ಮೇಲಿನತನಕ ಎಡಕ್ಕೊಂದು ಬಲಕ್ಕೊಂದು, ಅಂಗೈ ಅಗಲದ ಸವೆದ ಮಚ್ಚೆಗಳು. ಕೊನೆಯ ಎರಡು ತಡೆಪಟ್ಟಿಯ ಬುಡದಲ್ಲಿ, ಒಂದರ ಪಕ್ಕ ಒಂದು. ಪಟ್ಟಿಯಿಂದ ಆಚೆ ಹಸಿರು ಬಣ್ಣ ಬಳಿದ ದಿನದ ಹಾಗೆಯೇ ಇತ್ತು.

‘ಮಿಯೆನ್, ಇದರ ಮೇಲೆ ಯಾರು ಹತ್ತುತಾರೆ?’

‘ಕೂತ್ಕೊಳ್ಳಿ ಅಣ್ಣಾ. ಬರೋ ಹೊತ್ತಾಯ್ತು’ ಎಂದು ಅವಳು ಒಳಗೆ ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದು ಹಾಕಿದಳು.

ಅವನಿಗೆ ಹೋಗಿಬಿಡಬೇಕೆನ್ನಿಸಿತು. ಆದರೂ ಚೀಲ ಇಳಿಸಿ ಕುಳಿತ. ಹೊರಗೆ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು. ಓಣಿಯ ಬೇರೆ ಬೇರೆ ಮನೆಗಳಲ್ಲಿ ಸೇತುವೆಗಳು ಗರ್ರೆನ್ನತೊಡಗಿದವು. ಅವುಗಳಲ್ಲಿ ಕೆಲವು ತನ್ನವೇ ಎಂದು ಥಿಯೆಮ್ ಗುರುತು ಹಿಡಿದ, ಸ್ವಲ್ಪ ಧೈರ್ಯ ಬಂತು. ಆ ಸದ್ದುಗಳೂ ಒಂದೊಂದಾಗಿ ಅಡಗಿದವು.

ಆಮೇಲೆ ಈ ಸೇತುವೆಯ ಕೆಳತುದಿಯಲ್ಲಿ ‘ಟಪ್’ ಎಂದಿತು.

ಬರಿಗಾಲು ತೆಳು ತಗಡಿನ ಮೇಲೆ ಇಟ್ಟರೆ ಬರುವ ಸದ್ದು. ಟಪ್, ಟಪ್, ಟಪ್, ಮೆಲ್ಲಗೆ ಮೇಲಕ್ಕೆ ಬಂತು. ಬಾಗಿಲು ಪೂರ್ತಿ ತೆರೆದಿತ್ತು, ಸೇತುವೆ ಪೂರ್ತಿ ಕಾಣುತ್ತಿತ್ತು, ಅದರ ಮೇಲೆ ಯಾರೂ ಇರಲಿಲ್ಲ. ಮೇಲೆ ಬಂದ ಸದ್ದು ತಡೆಪಟ್ಟಿಗೆ ‘ಟಕ್’ ಎಂದು ತಗುಲಿ ನಿಂತಿತು. ಮತ್ತೊಮ್ಮೆ ತಗುಲಿತು. ಪಟ್ಟಿ ಕೂದಲೆಳೆಯಷ್ಟೂ ತಗ್ಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟಪ್ ಟಪ್ ಎಂದು ಕೆಳಗಿಳಿದು ಹೋಯಿತು.

ಮಿಯೆನ್ ಅಕ್ಕಿ ಆರಿಸುವವಳಂತೆ ತಲೆ ತಗ್ಗಿಸಿ ಕುಳಿತಿದ್ದಳು.

‘ನೋಡಿದ್ರಲ್ಲ’ ಎಂದಳು. ‘ದಿನಾ ಹಿಂಗೇ.’

ನಮ್ಮಲ್ಲಿ ಗಾಡಿಗೂ ‘ಅದು’, ನಾಯಿಗೂ ‘ಅದು’, ಹೆತ್ತ ಮಗುವಿಗೂ ‘ಅದು’. ಮಿಯೆನ್ ಮೊದಲ ದಿನದಿಂದ ಹೇಳುತ್ತಿದ್ದದ್ದು ತನ್ನ ಒಬ್ಬನೇ ಮಗ ಲುವಾನ್‌ನ ವಿಷಯ. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಹೋದ. ಹೊರಗೆ ಸತ್ತವರ ದೇಹವನ್ನು ಮನೆಯೊಳಗೆ ತರಬಾರದು ಎನ್ನುವುದು ನಮ್ಮಲ್ಲಿ ಇದ್ದದ್ದೇ. ಮೈದುನಂದಿರು ಹೊಸ್ತಿಲಿಗೆ ಅಡ್ಡ ನಿಂತರು. ಓಣಿಯಲ್ಲಿ ತಾಡಪಾಲು ಕಟ್ಟಿ ಅದರಡಿಯಲ್ಲೇ ಎಲ್ಲ ಮುಗಿಸಿದರು. ಊದುಬತ್ತಿಯ ಬಟ್ಟಲೂ ಹೊರಗೆ ಉಳಿಯಿತು.

‘ಈ ಹುಣ್ಣಿಮೆಗೆ ವರ್ಷಗಟ್ಟಲೆ ಹಿಡಿದ ಸೂತಕ ತೆಗೀತಾರೆ ಅಣ್ಣಾ. ಬಟ್ಟಲು ಎತ್ತಿ ಒಳಗೆ ಪೀಠದ ಮೇಲೆ ಇಡ್ತಾರೆ. ಬಟ್ಟಲೇನೋ ಬರ್ತದೆ. ಅದು ಹೊರಗೇ ಇದ್ರೆ ನಾನು ಯಾರಿಗೆ ಅಂತ ಬತ್ತಿ ಹಚ್ಚಲಿ? ಆಮೇಲೆ ಅದು ಬೀದೀಲಿ ಗಂಜಿಗೆ ಕೈ ಒಡ್ಡೋರ ಜತೆ ಸೇರಿಹೋಗ್ತದೆ.’

ಥಿಯೆಮ್ ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದ. ಅವನ ಜಂಬದ ಪಟ್ಟಿ ಭಾರಕ್ಕೆ ಮಾತ್ರ ತಗ್ಗುತ್ತದೆ. ಭಾರವೇ ಇಲ್ಲದವನು ಏನು ಮಾಡಿಯಾನು?

‘ಪಟ್ಟಿ ತೆಗೆದುಕೊಡಿ. ಇನ್ನೊಂದು ಕೇಳ್ತೀನಿ, ಬೈಬೇಡಿ. ಇಷ್ಟು ದಿನ ತಡೆದು ತಡೆದು ಅದಕ್ಕೆ ಹೆದರಿಕೆ ಬಂದಿರ್ತದೆ. ನಾನು ಒಳಗಿಂದ ಕರೀಬೇಕು. ಹೊರಗಿಂದ ಯಾರಾದ್ರೂ ಕೈ ಹಿಡಿದು ನಡೆಸಬೇಕು. ಓಣೀಲಿ ಯಾರೂ ಒಪ್ಪಲಿಲ್ಲ.’

ನಡೆಸುವುದು. ಅದೂ ಅಷ್ಟೆ, ಗಾಡಿಯನ್ನು ತಳ್ಳಿಕೊಂಡು ಹೋಗುವುದಕ್ಕೂ ಮಗುವನ್ನು ಕೈಹಿಡಿದು ಕರೆತರುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಥಿಯೆಮ್‌ನ ಸೇತುವೆಗೆ ಜನ ಇಟ್ಟ ಹೆಸರೇ ‘ನಡೆಸೋ ಸೇತುವೆ’. ಬಾಯಿಗೆ ಬಂದ ‘ಆಗಲ್ಲ’ ಎಂಬ ಮಾತನ್ನು ನುಂಗಿ ಅವನು ‘ನೋಡೋಣ’ ಎಂದು ಎದ್ದ. ಸೇತುವೆಯ ಮೇಲೆ ಕಾಲಿಡದೆ ಪಕ್ಕದಿಂದ ಧುಮುಕಿ ಹೋದ.

ಮನೆಯಲ್ಲಿ ಲ್ಯೂ ಎಲ್ಲವನ್ನೂ ಕೇಳಿಸಿಕೊಂಡು ಊಟದ ತಟ್ಟೆ ಅವನ ಮುಂದೆ ಸರಿಸಿದಳು.

‘ಬೇಡ ಮುದುಕಪ್ಪ. ಬೇರೆಯೋರ ಮನೆ ಸತ್ತೋರಿಗೆ ನೀನು ದಾರಿ ಹಾಕಬೇಡ. ಒಂದು ಕೈ ಹಿಡಿದ್ರೆ ಹಿಂದೆ ಹತ್ತು ಕೈ ಬರ್ತಾವೆ.’

‘ಆ ಪಟ್ಟಿ ಹಾಕಿದೋನು ನಾನಲ್ವೇನೆ?’

‘ಗಾಡಿಗೆ ಅಂತ ಹಾಕಿದೆ.’

‘ಅದಕ್ಕೆ ಅದು ಗೊತ್ತಾ?’

ಲ್ಯೂ ಎದ್ದು ಹೋಗಿ ತಾನೇ ಸೇತುವೆ ಮಡಚಿ ಅಗುಳಿ ಹಾಕಿ ಬಂದಳು. ಅಂದಿನಿಂದ ಹುಣ್ಣಿಮೆಯವರೆಗೆ ಸಂಜೆ ಅಂಗಡಿಯ ಬಾಗಿಲಲ್ಲಿ ಕುಳಿತರೆ ಗರ್ರೆನ್ನುವ ಚಕ್ರಗಳ ನಡುವೆ ಬೇರೆ ಏನೋ ಹುಡುಕುತ್ತಿತ್ತು ಅವನ ಕಿವಿ.

ಹುಣ್ಣಿಮೆಯ ದಿನ ಓಣಿಯುದ್ದಕ್ಕೂ ಗಂಜಿಯ ಎಲೆಗಳು. ಕಾಗದದ ಬಟ್ಟೆ ಸುಟ್ಟ ಹೊಗೆ ಮೊಣಕಾಲಿನ ಮಟ್ಟದಲ್ಲಿ ತೆವಳುತ್ತಿತ್ತು. ಅದರ ನಡುವೆ ಥಿಯೆಮ್ ಗರಗಸ, ಅರ ಹಾಕಿದ ಚೀಲ ಹೊತ್ತು ಹೋಗಿ ಮಿಯೆನ್‌ಳ ಹೊಸ್ತಿಲಿನ ಮುಂದೆ ಮಂಡಿಯೂರಿ ಕುಳಿತ. ಪಟ್ಟಿಯನ್ನು ಕೊಯ್ದ. ಅದು ಬಿದ್ದ ಮೇಲೂ ಉಳಿದ ಮುಳ್ಳನ್ನು ಅರದಿಂದ ಉಜ್ಜಿದ, ಬೆರಳು ಆಡಿಸಿ ನೋಡಿದ, ಮತ್ತೆ ಉಜ್ಜಿದ. ಬರಿಗಾಲಿಗೆ ಚುಚ್ಚಬಾರದಲ್ಲ.

ಬೆಳಕು ಇಳಿಯುವಾಗ ಮಿಯೆನ್ ಒಳಗೆ ಪೀಠದ ಕೆಳಗೆ ಹೋಗಿ ನಿಂತಳು. ಹೊರಗಿನ ಬಟ್ಟಲನ್ನು ತಂದು ಎದೆಗೆ ಅವುಚಿಕೊಂಡಿದ್ದಳು. ಥಿಯೆಮ್ ಸೇತುವೆಯ ಬುಡದಲ್ಲಿ, ಗಾಡಿ ನಡೆಸುವವನು ನಿಲ್ಲುವ ಹಾಗೆ ಎಡಗಡೆಗೆ ನಿಂತು, ಬಲಗೈ ಪಕ್ಕಕ್ಕೆ ಚಾಚಿದ. ಆಚೆ ಮನೆಯ ಕಿಟಕಿ ಮುಚ್ಚಿಕೊಂಡಿತು. ನಾಚಿಕೆಯೂ ಆಯಿತು, ಭಯವೂ ಆಯಿತು, ಯಾವುದು ಹೆಚ್ಚು ಎಂದು ಅವನಿಗೇ ತಿಳಿಯಲಿಲ್ಲ.

‘ಲುವಾನ್, ಬಾರೋ’ ಎಂದಳು ಒಳಗಿನಿಂದ ತಾಯಿ. ‘ಮಾವ ಬಂದಿದಾರೆ. ಅವರ ಕೈ ಹಿಡ್ಕೊ.’

ಕೈಯಲ್ಲಿ ಏನೂ ಆಗಲಿಲ್ಲ. ಥಿಯೆಮ್ ಒಂದು ಹೆಜ್ಜೆ ಇಟ್ಟ. ಅವನ ರಬ್ಬರ್ ಚಪ್ಪಲಿಯ ಸದ್ದು. ಅದರ ಹಿಂದೆಯೇ, ಬಲಕ್ಕೆ, ‘ಟಪ್’. ಇನ್ನೊಂದು ಹೆಜ್ಜೆ. ‘ಟಪ್’. ಕತ್ತು ತಿರುಗಿಸಬಾರದೆಂದು ಬಾಗಿಲನ್ನೇ ನೋಡುತ್ತ ಹತ್ತಿದ. ಬೆರಳ ತುದಿಗಳು ಮಾತ್ರ ಬಾವಿಯೊಳಗೆ ಇಳಿಬಿಟ್ಟಂತೆ ತಣ್ಣಗಾಗುತ್ತ ಬಂದವು. ಪಟ್ಟಿ ಇದ್ದ ಜಾಗಕ್ಕೆ ಬಂದಾಗ ಪಕ್ಕದ ಸದ್ದು ನಿಂತಿತು.

ಥಿಯೆಮ್ ಕೂಡ ನಿಂತ. ಏನು ಮಾಡಬೇಕೆಂದು ತೋಚಲಿಲ್ಲ. ಹೊಸ ಗಿರಾಕಿಗಳಿಗೆ ಹೇಳುವ ಮಾತೇ ಬಾಯಿಗೆ ಬಂತು.

‘ಹೆದರಬೇಡಪ್ಪ. ಮೆಲ್ಲಗೆ. ಅಲ್ಲಿ ಈಗ ಏನೂ ಇಲ್ಲ, ನಾನೇ ತೆಗೆದಿದೀನಿ.’

ಆಮೇಲೆ ಕೇಳಿದ ಸದ್ದು ತಗಡಿನದಲ್ಲ. ತಣ್ಣನೆಯ ಬಿಳಿ ನೆಲಹಾಸಿಗೆ ಒದ್ದೆ ಅಂಗಾಲು ಅಂಟಿ ಬಿಡುವ ಮೆತ್ತನೆಯ ಸದ್ದು, ಒಂದು, ಮತ್ತೊಂದು, ಮನೆಯ ಒಳಕ್ಕೆ. ಥಿಯೆಮ್‌ನ ಬೆರಳುಗಳಿಗೆ ಬಿಸಿ ತಿರುಗಿ ಬಂತು. ಪೀಠದ ಮೇಲಿನ ಊದುಬತ್ತಿಗಳ ಹೊಗೆ ಬಾಗಿಲಿನ ಕಡೆಗೆ ಬಾಗಿದ್ದದ್ದು ನೆಟ್ಟಗಾಯಿತು.

ಮಿಯೆನ್ ಅಳಲಿಲ್ಲ. ನೆಲದ ಕಡೆಗೆ ನೋಡುತ್ತ, ದಿನವೂ ಗದರಿ ಅಭ್ಯಾಸವಿದ್ದವಳ ದನಿಯಲ್ಲಿ ಕೇಳಿದಳು.

‘ಚಪ್ಪಲಿ ಎಲ್ಲೋ ಬಿಟ್ಟು ಬಂದೆ?’

ಥಿಯೆಮ್ ಸೇತುವೆ ಇಳಿದ. ಅದನ್ನು ಮಡಚಿ ಗೋಡೆಗೆ ಒರಗಿಸಿದ. ಕೆರೆಯ ದಂಡೆಯಲ್ಲಿ ಸ್ಕೂಟರ್ ನಿಲ್ಲಿಸಿ ಅತ್ತ. ಅರವತ್ತು ದಾಟಿದ ಗಂಡಸು ಬೀದಿಯಲ್ಲಿ ನಿಂತು ಬಿಕ್ಕುವುದನ್ನು ನೋಡಿ ಕಡಲೆ ಮಾರುವವಳು ಗಾಡಿ ಕೆಟ್ಟಿತೇನೋ ಎಂದು ಕೇಳಿದಳು.

ಅವನು ಮನೆ ಮುಟ್ಟುವ ಹೊತ್ತಿಗೆ ಓಣಿಯ ಸೇತುವೆಗಳೆಲ್ಲ ಮಡಚಿ ಗೋಡೆ ಸೇರಿದ್ದವು, ಅವನದೊಂದನ್ನು ಬಿಟ್ಟು. ಗರ್ರ್, ಟಕ್ ಎಂದು ಗಾಡಿ ಒಳಗೆ ಹೋಯಿತು. ಲ್ಯೂ ಅವನ ಮುಖವನ್ನೊಮ್ಮೆ ನೋಡಿ ಸೇತುವೆ ಮಡಚಲು ಬಗ್ಗಿದಳು.

‘ಇರಲಿ ಬಿಡು’ ಎಂದ ಥಿಯೆಮ್.

‘ಗಾಡಿ ಒಳಗೆ ಬಂತಲ್ಲ. ಇನ್ಯಾರು ಬರಬೇಕು?’

ಥಿಯೆಮ್ ಓಣಿಯ ತುದಿಯನ್ನು ನೋಡಿದ. ಗಂಜಿಯ ಎಲೆಗಳ ಹತ್ತಿರ ಹೊಗೆ ಅಲ್ಲಲ್ಲೇ ನಿಂತಿತ್ತು. ಒಳಗೆ ಪೀಠದ ಮೇಲಿನ ಫೋಟೊದಲ್ಲಿ ಖಾಂಗ್‌ಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಣ್ಣ ಎಂದು ಕರೆಯುವುದಕ್ಕೇ ಈಗ ನಾಲಿಗೆ ತೊಡರುತ್ತಿತ್ತು, ಮೊಮ್ಮಗನ ವಯಸ್ಸಿನವನು. ಬಾಯಿಂದ ಹೊರಟದ್ದು ತಾಯಿಯ ಮಾತು.

‘ಅದು ಇನ್ನೂ ಬಂದಿಲ್ಲ.’

ಲ್ಯೂ ಬಗ್ಗಿದ್ದವಳು ಎದ್ದು ಅವನನ್ನು ಸರಿಸಿ ಒಳಗೆ ಹೋದಳು. ಸಿಟ್ಟಾದಳೆಂದು ಅವನು ಅಂದುಕೊಂಡ. ಅವಳು ಅವನ ಚೀಲದಿಂದ ಗರಗಸ ತೆಗೆದು ತಂದು ಕೈಗೆ ಕೊಟ್ಟಳು.

‘ಹಾಗಾದ್ರೆ ಆ ಪಟ್ಟಿ ಕೊಯ್ದು ಹಾಕು’ ಎಂದಳು. ‘ಅದು ಎಡವ್ತದೆ.’